ಸೋಮವಾರ ಮಧ್ಯಾಹ್ನದೊಳಗೆ ತ್ಬಿಲಿಸಿಗೆ

ತ್ಬಿಲಿಸಿಗೆ ಬಂದ ಮೊದಲ ಎರಡು ತಿಂಗಳು ನಾನು ಜಾರ್ಜಿಯಾದಲ್ಲಿ ವಾಸಿಸಿದೆ ಎಂದು ಹೇಳಲು ಮನಸ್ಸು ಒಪ್ಪುವುದಿಲ್ಲ. ಬಾಡಿಗೆಯ ಕೋಣೆ, ಕಿಟಕಿಯ ಪಕ್ಕದ ಮೇಜು, ಲ್ಯಾಪ್‌ಟಾಪ್, ಬೀದಿಯ ತಿರುವಿನಲ್ಲಿ ಮಣ್ಣಿನ ಒಲೆಯ ಒಳಗೋಡೆಗೆ ಹಿಟ್ಟನ್ನು ಅಂಟಿಸಿ ಬ್ರೆಡ್ ಸುಡುವ ಅಂಗಡಿ, ಇಷ್ಟರೊಳಗೇ ನನ್ನ ದಿನಗಳು ಸುತ್ತುತ್ತಿದ್ದವು. ಪರದೆಯ ಮೇಲಿನ ಕೆಲಸ ಎಲ್ಲಿ ಕುಳಿತು ಮಾಡಿದರೂ ಒಂದೇ ಬಗೆಯದು. ಮಾತನಾಡುವ ಸಹೋದ್ಯೋಗಿಗಳೂ ಹಿಂದಿನವರೇ. ನಾನಿರುವ ದೇಶ ನನಗೆ ಪರಿಚಯವಾಗಿದ್ದು ವಾರಾಂತ್ಯದ ಪ್ರಯಾಣಗಳಿಂದ. ಎರಡು ವರ್ಷಗಳಲ್ಲಿ ಮಾಡಿದ ಆ ಪ್ರಯಾಣಗಳಿಂದ ಕಲಿತದ್ದನ್ನು, ದೂರದ ಕಂಪನಿಗೆ ಕೆಲಸ ಮಾಡುತ್ತ ಈ ರಾಜಧಾನಿಯಲ್ಲಿ ಕೆಲಕಾಲ ನೆಲೆಸಬೇಕೆಂದಿರುವವರಿಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಗಡಿಯಾರದ ವಿಷಯ. ಪ್ರಯಾಣದ ಪುಸ್ತಕಗಳು ಇದನ್ನು ಹೇಳುವುದಿಲ್ಲ, ಏಕೆಂದರೆ ಅವು ರಜೆಯ ಮೇಲೆ ಬರುವವರಿಗಾಗಿ ಬರೆದವು. ಜಾರ್ಜಿಯಾದ ಸಮಯ ವರ್ಷವಿಡೀ ಗ್ರೀನಿಚ್ ಸಮಯಕ್ಕಿಂತ 4 ಗಂಟೆ ಮುಂದಿರುತ್ತದೆ. ಬೇಸಿಗೆಯಲ್ಲಿ ಗಡಿಯಾರವನ್ನು ಮುಂದೂಡುವ ಪದ್ಧತಿ ಇಲ್ಲಿಲ್ಲ. ನನ್ನ ಕಂಪನಿ ಮಧ್ಯ ಯುರೋಪಿನಲ್ಲಿದೆ. ಹಾಗಾಗಿ ನಮ್ಮ ನಡುವಿನ ಅಂತರ ಚಳಿಗಾಲದಲ್ಲಿ 3 ಗಂಟೆ, ಬೇಸಿಗೆಯಲ್ಲಿ 2 ಗಂಟೆ. ಅಲ್ಲಿ ಬೆಳಿಗ್ಗೆ 9 ಎಂದರೆ ಚಳಿಗಾಲದ ತ್ಬಿಲಿಸಿಯಲ್ಲಿ ಮಧ್ಯಾಹ್ನ 12. ಶುಕ್ರವಾರದ ಕೆಲಸ ಮುಗಿಯುವಾಗ ಇಲ್ಲಿ ರಾತ್ರಿ 9 ಆಗಿರುತ್ತದೆ. ಅಷ್ಟು ಹೊತ್ತಿಗೆ ದೂರದ ಊರುಗಳಿಗೆ ಹೋಗುವ ವ್ಯಾನುಗಳೆಲ್ಲ ಹೊರಟುಹೋಗಿರುತ್ತವೆ. ಬಹಳ ದಿನ ಇದನ್ನು ನಾನು ನಷ್ಟವೆಂದೇ ಭಾವಿಸಿ, ಶನಿವಾರ ಮುಂಜಾನೆ ಓಡಿ ಭಾನುವಾರ ಸಂಜೆ ಓಡಿಬರುವ ಪ್ರವಾಸಗಳನ್ನು ಮಾಡುತ್ತಿದ್ದೆ. ಕ್ರಮೇಣ ಅರ್ಥವಾದದ್ದೇನೆಂದರೆ, ಶುಕ್ರವಾರ ಸಂಜೆ ಕಳೆದುಕೊಂಡದ್ದನ್ನು ಗಡಿಯಾರವು ಸೋಮವಾರ ಬೆಳಿಗ್ಗೆ ಹಿಂದಿರುಗಿಸುತ್ತದೆ. ನನ್ನ ವಾರಾಂತ್ಯ ಮುಗಿಯುವುದು ಭಾನುವಾರ ರಾತ್ರಿಯಲ್ಲ, ಸೋಮವಾರ ಮಧ್ಯಾಹ್ನ.

ಇದರ ಫಲ ದೊಡ್ಡದು. ಜಾರ್ಜಿಯಾದ ಪ್ರಸಿದ್ಧ ಸ್ಥಳಗಳೆಲ್ಲ ಬೆಳಿಗ್ಗೆ 11ರಿಂದ ಸಂಜೆ 4ರವರೆಗೆ ತ್ಬಿಲಿಸಿಯಿಂದ ಬರುವ ಪ್ರವಾಸಿ ವ್ಯಾನುಗಳಿಂದ ತುಂಬಿರುತ್ತವೆ. ಭಾನುವಾರ ಸಂಜೆಯಾಗುತ್ತಲೇ ಅವೆಲ್ಲ ರಾಜಧಾನಿಯತ್ತ ತಿರುಗುತ್ತವೆ. ಅದಾದ ಮೇಲೆ ಉಳಿಯುವುದು ಊರು ಮತ್ತು ಊರಿನವರು. ಆ ಹೊತ್ತಿನಲ್ಲಿ ಅಲ್ಲಿರಬಲ್ಲ ಹೊರಗಿನವರು ನಮ್ಮಂತಹ ಕೆಲವರೇ. ಗೆಸ್ಟ್‌ಹೌಸ್‌ಗಳಲ್ಲಿ ಭಾನುವಾರ ರಾತ್ರಿಗೆ ಕೋಣೆ ಸುಲಭವಾಗಿ ಸಿಗುತ್ತದೆ, ಮನೆಯವರಿಗೆ ಕುಳಿತು ಮಾತನಾಡಲು ಬಿಡುವಿರುತ್ತದೆ. ಕಂಪನಿ ಪೂರ್ವ ದೇಶಗಳಲ್ಲಿದ್ದರೆ ಲೆಕ್ಕ ತಿರುವುಮುರುವಾಗುತ್ತದೆ: ಶುಕ್ರವಾರ ಮಧ್ಯಾಹ್ನವೇ ಬಿಡುವು, ಭಾನುವಾರ ಸಂಜೆಯೊಳಗೆ ಮರಳುವುದು ಕಡ್ಡಾಯ. ನ್ಯೂಯಾರ್ಕ್ ಸಮಯಕ್ಕೆ ದುಡಿಯುವವರ ಶುಕ್ರವಾರ ಇಲ್ಲಿ ಶನಿವಾರದ ನಡುರಾತ್ರಿ ಕಳೆದ ಮೇಲೆ ಮುಗಿಯುತ್ತದೆ, ಆದರೆ ಅವರ ಸೋಮವಾರ ಸಂಜೆಯವರೆಗೂ ಸ್ವತಂತ್ರ. ಎಲ್ಲಿಗೆ ಹೋಗಬೇಕು ಎಂದು ಯೋಚಿಸುವ ಮುನ್ನ ಒಂದು ಹಾಳೆಯ ಮೇಲೆ ಈ ಲೆಕ್ಕವನ್ನು ಬರೆದುಕೊಳ್ಳುವುದು ಒಳ್ಳೆಯದು.

ಎರಡನೆಯದು ವಾಹನ. ಜಾರ್ಜಿಯಾದ ಊರುಗಳನ್ನು ಬೆಸೆಯುವುದು ಮಾರ್ಷ್ರುತ್ಕಾ ಎಂದು ಕರೆಯುವ ವ್ಯಾನುಗಳು. ಉತ್ತರ ಮತ್ತು ಪಶ್ಚಿಮದ ಊರುಗಳಿಗೆ ದೀದುಬೆ ಮೆಟ್ರೊ ನಿಲ್ದಾಣದ ಹಿಂದಿನ ಬಯಲಿನಿಂದ, ಪೂರ್ವದ ಸಿಘ್ನಾಘಿಯ ಕಡೆಗೆ ಸಾಮ್‌ಗೋರಿಯಿಂದ ಅವು ಹೊರಡುತ್ತವೆ. ತ್ಬಿಲಿಸಿಯ ಮೆಟ್ರೊ 1966ರಲ್ಲಿ ಮೊದಲು ಓಡಿದ್ದೇ ದೀದುಬೆಯಿಂದ ರುಸ್ತವೇಲಿಯವರೆಗೆ. ಇಂದಿಗೂ ನಗರದಿಂದ ಹೊರಹೋಗುವ ಬಾಗಿಲು ಅದೇ. ಕೆಲವು ವ್ಯಾನುಗಳಿಗೆ ವೇಳಾಪಟ್ಟಿ ಇರುತ್ತದೆ, ಹಲವು ಆಸನಗಳು ತುಂಬಿದಾಗ ಹೊರಡುತ್ತವೆ. ಮುಂದಿನ ಗಾಜಿನಲ್ಲಿ ಊರಿನ ಹೆಸರು ಬಹುಪಾಲು ಜಾರ್ಜಿಯನ್ ಅಕ್ಷರಗಳಲ್ಲಿ ಮಾತ್ರ ಇರುತ್ತದೆ. ಈ ಒಂದು ಕಾರಣಕ್ಕಾಗಿ ಬಂದ ಮೊದಲ ವಾರದಲ್ಲೇ ಲಿಪಿಯನ್ನು ಕಲಿಯಬೇಕೆಂದು ನಾನು ಎಲ್ಲರಿಗೂ ಹೇಳುತ್ತೇನೆ. 33 ಅಕ್ಷರಗಳು, ದೊಡ್ಡಕ್ಷರ ಸಣ್ಣಕ್ಷರ ಎಂಬ ತೊಡಕಿಲ್ಲ, ಬರೆದಂತೆಯೇ ಓದುವ ಭಾಷೆ. ಕನ್ನಡದ ಕಣ್ಣಿಗೆ ಆ ಗುಂಡುಗುಂಡಾದ ಅಕ್ಷರಗಳು ಮೊದಲ ನೋಟಕ್ಕೇ ಹತ್ತಿರದವೆನಿಸುತ್ತವೆ, ಎರಡು ಲಿಪಿಗಳಿಗೂ ಯಾವ ನಂಟೂ ಇಲ್ಲದಿದ್ದರೂ. ಗಾಜಿನ ಮೇಲಿನ ಹೆಸರನ್ನು ನಾನೇ ಓದಿ ಸರಿಯಾದ ವ್ಯಾನ್ ಹತ್ತಿದ ದಿನ ಆದ ಸಂತೋಷ ಇನ್ನೂ ನೆನಪಿದೆ.

ಹತ್ತಿರದಿಂದಲೇ ಆರಂಭಿಸುವುದಾದರೆ ಮ್ತ್ಸ್‌ಖೇತಾ. ತ್ಬಿಲಿಸಿಯಿಂದ ಸುಮಾರು 20 ಕಿ.ಮೀ. ದೂರ, ದೀದುಬೆಯಿಂದ ಅರ್ಧ ಗಂಟೆ. ತ್ಬಿಲಿಸಿಗೂ ಮೊದಲು ಪೂರ್ವ ಜಾರ್ಜಿಯಾದ ರಾಜಧಾನಿಯಾಗಿದ್ದ ಊರಿದು. ಇಲ್ಲಿನ ಪ್ರಾಚೀನ ಸ್ಮಾರಕಗಳು 1994ರಿಂದ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಯಲ್ಲಿವೆ. ಮ್ತ್‌ಕ್ವಾರಿ ಮತ್ತು ಅರಾಗ್ವಿ ನದಿಗಳು ಇಲ್ಲಿ ಕೂಡುತ್ತವೆ, ಎರಡು ನೀರಿನ ಬಣ್ಣ ಬೇರೆ ಬೇರೆಯಾಗಿರುವುದು ಹಲವು ದಿನಗಳಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಸಂಗಮದ ಮೇಲಿನ ಬೆಟ್ಟದ ನೆತ್ತಿಯಲ್ಲಿ, 6ನೆಯ ಶತಮಾನದ ಕೊನೆಗೆ ಕಟ್ಟಲು ತೊಡಗಿದ ಜ್ವಾರಿ ಎಂಬ ಪುಟ್ಟ ಚರ್ಚ್ ನಿಂತಿದೆ. ಜ್ವಾರಿ ಎಂದರೆ ಶಿಲುಬೆ. 4ನೆಯ ಶತಮಾನದಲ್ಲಿ ಜಾರ್ಜಿಯಾಕ್ಕೆ ಕ್ರೈಸ್ತ ಧರ್ಮವನ್ನು ತಂದ ಸಂತ ನೀನೋಳ ಕಾಲದಲ್ಲಿ ಇಲ್ಲೊಂದು ಮರದ ಶಿಲುಬೆಯನ್ನು ನೆಟ್ಟಿದ್ದರೆಂಬುದು ಪರಂಪರೆ; ಚರ್ಚಿನ ನಡುವೆ ಅದರ ಪೀಠ ಈಗಲೂ ಇದೆ. ಊರಿನಲ್ಲಿರುವ ಸ್ವೇತಿತ್ಸ್‌ಖೋವೇಲಿ ಕೆಥೆಡ್ರಲ್ 11ನೆಯ ಶತಮಾನದ್ದು. ಅದರ ಉತ್ತರದ ಗೋಡೆಯ ಎತ್ತರದಲ್ಲಿ ಉಪಕರಣ ಹಿಡಿದ ಕೈಯೊಂದರ ಉಬ್ಬುಶಿಲ್ಪವಿದೆ. ಕಟ್ಟಿದವನ ಹೆಸರು ಅರ್ಸುಕಿದ್ಜೆ. ಅದು ತನ್ನ ಕೈ ಎಂದು ಅಲ್ಲಿನ ಶಾಸನ ಹೇಳುತ್ತದೆ. ಮೊದಲ ಸಲ ಹೋದಾಗ ನಾನು ಅದನ್ನು ನೋಡಿರಲೇ ಇಲ್ಲ.

ಮ್ತ್ಸ್‌ಖೇತಾ ಪೂರ್ತಿ ವಾರಾಂತ್ಯವನ್ನು ಬೇಡುವ ಊರಲ್ಲ. ನಾನಂತೂ ಅಲ್ಲಿಗೆ ಶನಿವಾರ ಹೋಗುವುದನ್ನು ಬಿಟ್ಟು, ಕೆಲಸದ ದಿನವೇ ಬೆಳಿಗ್ಗೆ 8ಕ್ಕೆ ಹೊರಟು 11ರೊಳಗೆ ಮರಳುವುದನ್ನು ರೂಢಿ ಮಾಡಿಕೊಂಡಿದ್ದೇನೆ. ಬೆಳಗಿನ ಪ್ರಾರ್ಥನೆಯ ಹೊತ್ತಿಗೆ ಕೆಥೆಡ್ರಲಿನೊಳಗೆ ಹಲವು ಸ್ವರಗಳು ಹೆಣೆದುಕೊಂಡ ಹಾಡು ಕೇಳಿಸುತ್ತದೆ, ಮೇಣದ ಬತ್ತಿ ಹಚ್ಚಲು ಬಂದ ಮುದುಕಿಯರ ಹೊರತು ಬೇರೆ ಜನ ವಿರಳ. ತಲೆಗೆ ವಸ್ತ್ರ ಹೊದೆಯದೆ ಹೆಂಗಸರು, ಅರ್ಧ ಚಡ್ಡಿಯಲ್ಲಿ ಗಂಡಸರು ಒಳಗೆ ಹೋಗಬಾರದು. ಚೀಲದಲ್ಲಿ ಒಂದು ಶಾಲು ಇದ್ದರೆ ಯಾವ ಚರ್ಚಿಗಾದರೂ ಆಯಿತು. ಜ್ವಾರಿಗೆ ಮಾತ್ರ ಊರಿನಿಂದ ಟ್ಯಾಕ್ಸಿ ಬೇಕು, ರಸ್ತೆ ನದಿಯನ್ನು ದಾಟಿ ಬಹಳ ಸುತ್ತಿ ಬೆಟ್ಟವನ್ನು ಏರುತ್ತದೆ.

ಇನ್ನು ನಾನು ಹೆಚ್ಚು ಹೇಳಬೇಕೆಂದಿರುವ ದಾರಿ. ತ್ಬಿಲಿಸಿಯಿಂದ ಉತ್ತರಕ್ಕೆ ಕಾಕಸಸ್ ಪರ್ವತಗಳನ್ನು ದಾಟಿ ರಷ್ಯಾದ ವ್ಲಾದಿಕಾವ್ಕಾಜ್‌ಗೆ ಹೋಗುವ ಸುಮಾರು 200 ಕಿ.ಮೀ. ಉದ್ದದ ಹಳೆಯ ಸೇನಾ ಹೆದ್ದಾರಿ. ಗಡಿಗೆ ಮುನ್ನ ಸಿಗುವ ಕೊನೆಯ ದೊಡ್ಡ ಊರು ಸ್ತೆಪಾನ್‌ತ್ಸ್ಮಿಂದಾ. ಹಿಂದೆ ಅದರ ಹೆಸರು ಕಜ್‌ಬೇಗಿ, ವ್ಯಾನುಗಳ ಚಾಲಕರು ಇಂದಿಗೂ ಹಾಗೆಯೇ ಕೂಗುತ್ತಾರೆ. ದೂರ ಸುಮಾರು 150 ಕಿ.ಮೀ., ಸಮಯ ಮೂರು ಗಂಟೆ, ಆದರೆ ಈ ಮೂರು ಗಂಟೆ ಎಂಬುದು ಒಳ್ಳೆಯ ದಿನದ ಮಾತು. ಊರಿನ ಎದುರಿಗೆ ಬೆಟ್ಟದ ಮೇಲೆ 2,170 ಮೀಟರ್ ಎತ್ತರದಲ್ಲಿ 14ನೆಯ ಶತಮಾನದ ಗೆರ್ಗೆತಿ ತ್ರಿತ್ವ ಚರ್ಚ್, ಅದರ ಹಿಂದೆ 5,000 ಮೀಟರನ್ನೂ ಮೀರಿದ ಕಜ್‌ಬೆಕ್ ಹಿಮಶಿಖರ. ಜಾರ್ಜಿಯಾದ ಯಾವ ಭಿತ್ತಿಪತ್ರದಲ್ಲಾದರೂ ಕಾಣುವ ನೋಟವದು.

ಮೊದಲ ಸಲ ನಾನು ಅಲ್ಲಿಗೆ ಹೋದದ್ದು ಅಕ್ಟೋಬರಿನಲ್ಲಿ, ಒಂದು ದಿನದ ಪ್ರವಾಸಿ ವ್ಯಾನಿನಲ್ಲಿ. ಬೆಳಿಗ್ಗೆ ಹೊರಟು ಜಿನ್ವಾಲಿ ಜಲಾಶಯದ ಬಳಿ ನಿಂತೆವು. ಅದರ ದಡದಲ್ಲಿರುವ ಅನನೂರಿ ಕೋಟೆಯಲ್ಲಿ ಅರ್ಧ ಗಂಟೆ ಕಳೆದೆವು. ಪಸನೌರಿಯಲ್ಲಿ ಬಿಳಿ ಅರಾಗ್ವಿ ಮತ್ತು ಕಪ್ಪು ಅರಾಗ್ವಿ ಕೂಡುವ ಜಾಗವನ್ನು ಗಾಜಿನಿಂದಲೇ ನೋಡಿದೆವು. ಗುಡೌರಿಯ ಮೇಲೆ, ಬಣ್ಣದ ಚಿತ್ರಗಳಿಂದ ತುಂಬಿದ, 1983ರಲ್ಲಿ ಕಟ್ಟಿದ ಅರ್ಧಚಂದ್ರಾಕಾರದ ಸ್ಮಾರಕದಲ್ಲಿ ಚಿತ್ರ ತೆಗೆಸಿಕೊಂಡೆವು. ಅದು ಜಾರ್ಜಿಯಾ ಮತ್ತು ರಷ್ಯಾ ನಡುವಿನ 1783ರ ಗಿಯೋರ್ಗಿಯೆವ್‌ಸ್ಕ್ ಒಪ್ಪಂದಕ್ಕೆ 200 ವರ್ಷ ತುಂಬಿದ ನೆನಪಿಗೆ ಸೋವಿಯತ್ ಕಾಲದಲ್ಲಿ ಎದ್ದ ಕಟ್ಟಡ. ಮಧ್ಯಾಹ್ನ 2ಕ್ಕೆ ಚರ್ಚನ್ನು ತಲುಪಿದಾಗ ಸುತ್ತಲೂ ಮೋಡ. ಎದುರಿಗೆ ಶಿಖರವಿದೆ ಎಂದು ಮಾರ್ಗದರ್ಶಿ ಕೈ ತೋರಿಸಿದ ದಿಕ್ಕಿನಲ್ಲಿ ಬೂದು ಬಣ್ಣದ ಹೊರತು ಏನೂ ಇರಲಿಲ್ಲ. ಮುಕ್ಕಾಲು ಗಂಟೆಯಾದ ಮೇಲೆ ವ್ಯಾನು ಹಿಂತಿರುಗಿತು. ಹನ್ನೆರಡು ಗಂಟೆಗಳ ದಿನದಲ್ಲಿ ಹೆಚ್ಚಿನ ಪಾಲು ಆಸನದಲ್ಲೇ ಕಳೆದಿತ್ತು. ವಾರದ ಐದು ದಿನ ಕುರ್ಚಿಯಲ್ಲಿ ಕುಳಿತೇ ದುಡಿಯುವ ನಮಗೆ ಇಂತಹ ಪ್ರವಾಸ ದೇಹಕ್ಕೂ ಮನಸ್ಸಿಗೂ ವಿಶ್ರಾಂತಿಯನ್ನು ಕೊಡುವುದಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಎರಡನೆಯ ಸಲ ಜನವರಿಯಲ್ಲಿ, ಮಾರ್ಷ್ರುತ್ಕಾದಲ್ಲಿ, ಎರಡು ರಾತ್ರಿ ಉಳಿಯುವ ಲೆಕ್ಕದಲ್ಲಿ ಹೋದೆ. ಶನಿವಾರ ಆಕಾಶ ಮಂಕಾಗಿತ್ತು. ಭಾನುವಾರ ಮಧ್ಯಾಹ್ನದಿಂದ ಹಿಮ ಸುರಿಯತೊಡಗಿತು. ಗುಡೌರಿಗೂ ಸ್ತೆಪಾನ್‌ತ್ಸ್ಮಿಂದಾಕ್ಕೂ ನಡುವೆ ರಸ್ತೆಯು 2,379 ಮೀಟರ್ ಎತ್ತರದ ಜ್ವಾರಿ ಕಣಿವೆದಾರಿಯನ್ನು ದಾಟಬೇಕು. ಹಿಮಕುಸಿತದ ಭಯವಿದ್ದಾಗ ಗುಡೌರಿಯಿಂದ ಕೋಬಿಯವರೆಗಿನ ಭಾಗವನ್ನು ಮುಚ್ಚುತ್ತಾರೆ. ಭಾನುವಾರ ರಾತ್ರಿ ರಸ್ತೆ ಮುಚ್ಚಿದ ಸುದ್ದಿಯನ್ನು ಗೆಸ್ಟ್‌ಹೌಸಿನ ಯಜಮಾನಿಯೇ ತಂದರು. ಅವರ ಮುಖದಲ್ಲಿ ಆತಂಕವಿರಲಿಲ್ಲ, ಚಳಿಗಾಲದಲ್ಲಿ ಅದು ಅಲ್ಲಿನ ನಿತ್ಯದ ಸಂಗತಿ. ನಾನು ಅದೇ ರಾತ್ರಿ ಮ್ಯಾನೇಜರರಿಗೆ ವಿಷಯ ತಿಳಿಸಿ, ಸೋಮವಾರ ಮಧ್ಯಾಹ್ನ ಅವರ ಅಡುಗೆಮನೆಯ ಮೇಜಿನ ಮೇಲೆ, ಸೌದೆಯ ಒಲೆಯ ಪಕ್ಕದಲ್ಲಿ ಲ್ಯಾಪ್‌ಟಾಪ್ ತೆರೆದೆ. ಮೀಟಿಂಗಿನ ನಡುವೆ ವಿದ್ಯುತ್ ಎರಡು ಸಲ ಹೋಯಿತು. ಫೋನಿನ ಡೇಟಾದಿಂದ ಕೆಲಸ ಮುಂದುವರಿಯಿತು. ಹೊರಗೆ, ಗಡಿಯಾಚೆಗೆ ಹೋಗಬೇಕಾಗಿದ್ದ ಲಾರಿಗಳು ರಸ್ತೆಯ ಬದಿಯಲ್ಲಿ ಸಾಲುಗಟ್ಟಿ ನಿಂತಿದ್ದವು. ಆ ಚಾಲಕರಿಗೆ ಯಜಮಾನಿ ಬಿಸಿ ಸೂಪನ್ನು ಕಳುಹಿಸುತ್ತಿದ್ದರು. ಮಂಗಳವಾರ ಬೆಳಿಗ್ಗೆ ದಾರಿ ತೆರೆಯಿತು.

ಆ ವಾರಾಂತ್ಯದಲ್ಲೂ ಶಿಖರ ಕಾಣಲಿಲ್ಲ. ಆದರೆ ಅಂದಿನಿಂದ ನನ್ನ ಸಿದ್ಧತೆಯ ಕ್ರಮ ಬದಲಾಯಿತು. ನವೆಂಬರಿನಿಂದ ಏಪ್ರಿಲ್‌ವರೆಗೆ ಈ ದಾರಿಯಲ್ಲಿ ಹೋಗುವಾಗ ಲ್ಯಾಪ್‌ಟಾಪ್, ಚಾರ್ಜರ್, ಪವರ್‌ಬ್ಯಾಂಕ್, ಒಂದು ದಿನದ ಹೆಚ್ಚಿನ ಔಷಧ ಮತ್ತು ಬಟ್ಟೆ ಚೀಲದಲ್ಲಿರುತ್ತವೆ. ಸೋಮವಾರ ಮಧ್ಯಾಹ್ನಕ್ಕೆ ಮುಂದೂಡಲಾಗದ ಸಭೆಯಿದ್ದರೆ ಹೋಗುವುದೇ ಇಲ್ಲ. ಹೊರಡುವ ಮುನ್ನ ರಸ್ತೆ ಇಲಾಖೆಯ ಪ್ರಕಟಣೆಯನ್ನು ನೋಡುತ್ತೇನೆ. ಕೋಣೆ ಕಾದಿರಿಸುವಾಗ ವೈಫೈ ಇದೆಯೇ ಎಂದು ಕೇಳಿದರೆ ಎಲ್ಲರೂ ಇದೆ ಎನ್ನುತ್ತಾರೆ, ಅದರಿಂದ ಪ್ರಯೋಜನವಿಲ್ಲ; ತಲುಪಿದ ತಕ್ಷಣ ಸಹೋದ್ಯೋಗಿಯೊಬ್ಬರಿಗೆ ವೀಡಿಯೊ ಕರೆ ಮಾಡಿ ನೋಡುವುದೇ ಸರಿಯಾದ ಪರೀಕ್ಷೆ. ಆ ಪರೀಕ್ಷೆಯನ್ನು ಸೋಮವಾರಕ್ಕೆ ಬಿಡದೆ ಶನಿವಾರವೇ ಮಾಡಿಬಿಡಬೇಕು. ಕ್ವೆಶೇತಿ ಮತ್ತು ಕೋಬಿ ನಡುವೆ, ಕಣಿವೆದಾರಿಯ ಕೆಳಗೆ ಹಾದುಹೋಗುವಂತೆ ಸುಮಾರು 9 ಕಿ.ಮೀ. ಉದ್ದದ ಸುರಂಗವನ್ನು ಕೊರೆದಿದ್ದಾರೆ. ಚಳಿಗಾಲದಲ್ಲಿ ದಾರಿ ಮುಚ್ಚುವ ತೊಂದರೆಯನ್ನು ನೀಗಿಸುವುದೇ ಅದರ ಉದ್ದೇಶಗಳಲ್ಲೊಂದು.

ಪೂರ್ವದ ಕಾಖೇತಿಯ ಸ್ವಭಾವ ಬೇರೆ. ಅಲ್ಲಿ ರಸ್ತೆ ಮುಚ್ಚುವ ಭಯವಿಲ್ಲ, ಏರುವ ಆಯಾಸವಿಲ್ಲ. ತ್ಬಿಲಿಸಿಯಿಂದ ಸುಮಾರು 110 ಕಿ.ಮೀ. ದೂರದ ಸಿಘ್ನಾಘಿ, ಬೆಟ್ಟದ ಅಂಚಿನಲ್ಲಿ ಕುಳಿತ ಸಣ್ಣ ಊರು. 18ನೆಯ ಶತಮಾನದಲ್ಲಿ ಎರೆಕ್ಲೆ ರಾಜನು ಕಟ್ಟಿಸಿದ ಕೋಟೆಗೋಡೆ, ಅದರ 23 ಬುರುಜುಗಳು ಊರನ್ನೂ ಸುತ್ತಲಿನ ಇಳಿಜಾರನ್ನೂ ಬಳಸಿಕೊಂಡಿವೆ. ಗೋಡೆಯ ಮೇಲೆ ನಿಂತರೆ ಕೆಳಗೆ ಅಲಜಾನಿ ಕಣಿವೆಯ ದ್ರಾಕ್ಷಿತೋಟಗಳು, ಅವುಗಳಾಚೆ ಗೋಡೆಯಂತೆ ಎದ್ದು ನಿಂತ ಕಾಕಸಸ್. ಬೆಳಿಗ್ಗೆ ಕಣಿವೆಯಲ್ಲಿ ಮಂಜು ತುಂಬಿದಾಗ ಎದುರಿನ ಹಿಮರೇಖೆ ಮಾತ್ರ ಆಕಾಶದಲ್ಲಿ ತೇಲಿದಂತೆ ಕಾಣುತ್ತದೆ. ಊರಿನ ವಸ್ತುಸಂಗ್ರಹಾಲಯದಲ್ಲಿ, ಹತ್ತಿರದ ಮಿರ್ಜಾನಿ ಹಳ್ಳಿಯಲ್ಲಿ ಹುಟ್ಟಿದ ಚಿತ್ರಕಾರ ನಿಕೋ ಪಿರೋಸ್ಮಾನಿಯ ಕೃತಿಗಳಿವೆ. ಯಾರ ಬಳಿಯೂ ಶಾಸ್ತ್ರೀಯವಾಗಿ ಕಲಿಯದೆ, ತ್ಬಿಲಿಸಿಯ ಪಾನಗೃಹಗಳಿಗೆ ಫಲಕ ಬರೆದುಕೊಟ್ಟು ಬದುಕಿ ಬಡತನದಲ್ಲೇ ತೀರಿಹೋದ ಆತನ ಚಿತ್ರಗಳ ಎದುರು ನಾನು ಒಂದಿಡೀ ಮಧ್ಯಾಹ್ನ ಕಳೆದಿದ್ದೇನೆ. ಕಪ್ಪು ಹಿನ್ನೆಲೆಯಿಂದ ಎದ್ದುಬರುವ ಆ ಪ್ರಾಣಿಗಳ ಕಣ್ಣುಗಳನ್ನು ಅವಸರದಲ್ಲಿ ನೋಡಿದರೆ ಏನೂ ದಕ್ಕುವುದಿಲ್ಲ.

ಸಿಘ್ನಾಘಿಯಿಂದ ಸುಮಾರು 2 ಕಿ.ಮೀ. ನಡೆದರೆ ಬೋದ್ಬೆ ಮಠ. ಸಂತ ನೀನೋಳ ಸಮಾಧಿ ಇರುವುದು ಇಲ್ಲಿ. ಮ್ತ್ಸ್‌ಖೇತಾದ ಬೆಟ್ಟದಲ್ಲಿ ಕೇಳಿದ ಹೆಸರು ಇಲ್ಲಿ ಮತ್ತೆ ಎದುರಾದಾಗ ನನಗೆ ಒಂದು ದಾರಿ ತೆರೆದಂತಾಯಿತು. ದ್ರಾಕ್ಷಿಯ ಬಳ್ಳಿಯ ಎರಡು ಕಡ್ಡಿಗಳನ್ನು ತನ್ನ ಕೂದಲಿನಿಂದ ಕಟ್ಟಿ ಆಕೆ ಮಾಡಿಕೊಂಡಳೆನ್ನುವ ಶಿಲುಬೆ ಈಗ ತ್ಬಿಲಿಸಿಯ ಸಿಯೋನಿ ಚರ್ಚಿನಲ್ಲಿದೆ, ನಾನು ದಿನಸಿಗೆ ಹೋಗುವ ದಾರಿಯಲ್ಲೇ. ಅದೇ ಶಿಲುಬೆಯನ್ನು ಮತ್ತು ಮ್ತ್ಸ್‌ಖೇತಾದ ಅಮೂಲ್ಯ ವಸ್ತುಗಳನ್ನು ಅಪಾಯದ ಕಾಲದಲ್ಲಿ ಗೆರ್ಗೆತಿಯ ಚರ್ಚಿಗೆ ಸಾಗಿಸಿ ಕಾಪಾಡುತ್ತಿದ್ದರೆಂದು 18ನೆಯ ಶತಮಾನದ ರಾಜಕುಮಾರ ವಖುಷ್ತಿ ದಾಖಲಿಸಿದ್ದಾನೆ. ಮೋಡದೊಳಗೆ ಮುಕ್ಕಾಲು ಗಂಟೆ ನಿಂತು ಬಂದ ಆ ಚರ್ಚು ಅಷ್ಟು ಎತ್ತರದಲ್ಲಿ ಯಾವ ಕೆಲಸಕ್ಕೆ ಒದಗುತ್ತಿತ್ತು ಎಂಬುದು ನನಗೆ ಹೊಳೆದದ್ದು ಬೋದ್ಬೆಯ ಅಂಗಳದಲ್ಲಿ. ಒಂದು ವಾರಾಂತ್ಯದ ಅರ್ಥ ಇನ್ನೊಂದು ವಾರಾಂತ್ಯದಲ್ಲಿ ಬಿಡಿಸಿಕೊಳ್ಳುತ್ತದೆ. ಹತ್ತು ದಿನಕ್ಕೆ ಬಂದು ಹೋಗುವವರಿಗೆ ಸಿಗದ, ಇಲ್ಲಿದ್ದು ಕೆಲಸ ಮಾಡುವವರಿಗೆ ಮಾತ್ರ ಸಿಗುವ ಭಾಗ್ಯ ಇದೇ ಎಂದು ನಾನು ನಂಬಿದ್ದೇನೆ. ನಾವು ಎಲ್ಲವನ್ನೂ ಒಂದೇ ಸಲ ನೋಡಿ ಮುಗಿಸಬೇಕಾಗಿಲ್ಲ.

ಕಾಖೇತಿಗೆ ಹೋಗಲು ಒಳ್ಳೆಯ ಕಾಲ ಸೆಪ್ಟೆಂಬರ್ ಮತ್ತು ಅಕ್ಟೋಬರ್, ರ್ತ್ವೇಲಿ ಎಂದು ಕರೆಯುವ ದ್ರಾಕ್ಷಿ ಕೊಯ್ಲಿನ ದಿನಗಳು. ಮನೆಮನೆಯಲ್ಲೂ ಮರಾನಿ ಎಂಬ ಮದ್ಯದ ಕೋಣೆ, ಅದರ ನೆಲದಲ್ಲಿ ಕುತ್ತಿಗೆಯವರೆಗೆ ಹೂತ ಕ್ವೆವ್ರಿ ಎಂಬ ದೊಡ್ಡ ಮಣ್ಣಿನ ಗುಡಾಣಗಳು. ಹಿಂಡಿದ ರಸವನ್ನು ಸಿಪ್ಪೆ ಬೀಜಗಳೊಂದಿಗೆ ಅದರಲ್ಲಿ ತುಂಬಿ ತಿಂಗಳುಗಟ್ಟಲೆ ಬಿಡುತ್ತಾರೆ. ಬಿಳಿ ದ್ರಾಕ್ಷಿಯ ಮದ್ಯಕ್ಕೆ ಜೇನಿನ ಬಣ್ಣ ಬರುವುದು ಆ ಸಿಪ್ಪೆಯಿಂದ. ಈ ವಿಧಾನವನ್ನು ಯುನೆಸ್ಕೋ 2013ರಲ್ಲಿ ತನ್ನ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ತ್ಬಿಲಿಸಿಯ ದಕ್ಷಿಣಕ್ಕೆ ಸಿಕ್ಕಿದ, ಕ್ರಿ.ಪೂ. 6000ರ ಸುಮಾರಿನ ಮಡಕೆ ಚೂರುಗಳಲ್ಲಿ ದ್ರಾಕ್ಷಿ ಮದ್ಯದ ಕುರುಹು ದೊರೆತದ್ದು 2017ರಲ್ಲಿ ಪ್ರಕಟವಾಯಿತು. ಮದ್ಯ ಸೇವಿಸದವರೂ ಕೊಯ್ಲಿಗೆ ಹೋಗಬಹುದು, ಬುಟ್ಟಿ ಹಿಡಿದರೆ ಸಾಕು, ಎಲ್ಲರಿಗೂ ಕೆಲಸವಿರುತ್ತದೆ. ಅಕ್ರೋಟನ್ನು ದಾರಕ್ಕೆ ಪೋಣಿಸಿ ಗಟ್ಟಿಯಾದ ದ್ರಾಕ್ಷಾರಸದಲ್ಲಿ ಅದ್ದಿ ಒಣಗಿಸುವ ಚುರ್ಚ್‌ಖೇಲಾ ಮಾಡುವುದನ್ನು ನಾನು ಕಲಿತದ್ದು ಅಂತಹ ಒಂದು ಮನೆಯಲ್ಲಿ. ಸೇವಿಸುವವರಿಗೆ ಒಂದು ಮಾತು: ಅಲ್ಲಿನ ಔತಣದಲ್ಲಿ ತಮದಾ ಎಂಬ ಹಿರಿಯರು ಒಂದಾದ ಮೇಲೊಂದು ಶುಭಾಶಯ ಹೇಳುತ್ತಾರೆ, ಪ್ರತಿಯೊಂದಕ್ಕೂ ಲೋಟ ಎತ್ತುತ್ತಾರೆ. ಅಂತಹ ಔತಣ ಶನಿವಾರವಿರಲಿ, ಭಾನುವಾರ ಬೇಡ.

ಸಸ್ಯಾಹಾರಿಗಳು ಊಟದ ಬಗ್ಗೆ ಕೇಳುವುದುಂಟು. ಬೀನ್ಸ್ ತುಂಬಿದ ಲೋಬಿಯಾನಿ ರೊಟ್ಟಿ, ಅಕ್ರೋಟಿನ ಹೂರಣ ಸವರಿ ಸುತ್ತಿದ ಬದನೆ, ಸೊಪ್ಪು ಮತ್ತು ಅಕ್ರೋಟನ್ನು ಅರೆದು ಉಂಡೆ ಕಟ್ಟಿದ ಪ್ಖಾಲಿ ಎಲ್ಲೆಡೆ ಸಿಗುತ್ತವೆ. ನೆನಪಿಡಬೇಕಾದ ಪದ ಸಮರ್ಖ್ವೋ, ಅಂದರೆ ಉಪವಾಸದ ಆಹಾರ. ಇಲ್ಲಿನ ಚರ್ಚಿನ ಸಂಪ್ರದಾಯದಲ್ಲಿ ಬುಧವಾರ, ಶುಕ್ರವಾರ ಮತ್ತು ಈಸ್ಟರಿನ ಮುಂಚಿನ ದೀರ್ಘ ವ್ರತದ ದಿನಗಳಲ್ಲಿ ಮಾಂಸ, ಹಾಲು, ಮೊಟ್ಟೆ ಬಿಡುವವರಿದ್ದಾರೆ. ಆ ಒಂದು ಪದವನ್ನು ಹೇಳಿದರೆ ಹಳ್ಳಿಯ ಅಡುಗೆಮನೆಗೂ ನಮ್ಮ ಅಗತ್ಯ ಅರ್ಥವಾಗುತ್ತದೆ. ಉದ್ದನೆಯ ವಿವರಣೆ ಬೇಕಾಗುವುದಿಲ್ಲ.

ಆಗ್ನೇಯದಲ್ಲಿ, ಅಜರ್‌ಬೈಜಾನಿನ ಗಡಿಯಲ್ಲಿ, ದಾವಿತ್ ಗರೇಜಾ ಇದೆ. 6ನೆಯ ಶತಮಾನದಲ್ಲಿ ದಾವಿತ್ ಎಂಬ ಸನ್ಯಾಸಿ ಆರಂಭಿಸಿದ, ಬಂಡೆಯಲ್ಲಿ ಕೊರೆದ ಮಠಗಳ ಸಮೂಹ. ಹಸಿರು ಕಣಿವೆಗಳ ದೇಶದಲ್ಲಿ ಇದ್ದಕ್ಕಿದ್ದಂತೆ ಹುಲ್ಲುಗಾವಲು ಒಣಗಿ, ನೆಲ ಕೆಂಪು ಹಳದಿ ಪಟ್ಟೆಗಳಾಗಿ, ಗಾಳಿಯ ಸದ್ದೊಂದೇ ಉಳಿಯುತ್ತದೆ. ಬೆಟ್ಟದ ಏಣಿನ ಮೇಲಿರುವ ಭಿತ್ತಿಚಿತ್ರಗಳ ಗುಹೆಗಳಿಗೆ, ಗಡಿಯ ವಿವಾದದ ಕಾರಣದಿಂದ, 2019ರಿಂದ ಪ್ರವೇಶವಿಲ್ಲ; ಕಾವಲುಗಾರರು ಬೇಡವೆಂದ ಕಡೆ ಹೆಜ್ಜೆ ಇಡಬಾರದು. ಕೆಳಗಿನ ಮಠವೊಂದನ್ನು ನೋಡಲೂ ಹೋಗಿಬರುವುದು ಸಾರ್ಥಕ. ಏಪ್ರಿಲ್, ಮೇ ತಿಂಗಳಲ್ಲಿ ಹೋಗಬೇಕು, ಗಿಡವಿಲ್ಲದ ಆ ನೆಲದಲ್ಲಿ ಜುಲೈ ಬಿಸಿಲನ್ನು ತಾಳುವುದು ಕಷ್ಟ, ವಿಷದ ಹಾವುಗಳಿರುವುದರಿಂದ ಎತ್ತರದ ಬೂಟು ಅಗತ್ಯ. ಹೋಗುವ ದಾರಿಯಲ್ಲಿ ಸಿಗುವ ಹಳ್ಳಿಯ ಹೆಸರು ಉದಾಬ್ನೋ. ಆ ಪದದ ಅರ್ಥವೇ ಮರುಭೂಮಿ. ಅಲ್ಲಿ ನೆಲೆಸಿರುವವರಲ್ಲಿ ಹಲವರು, ಸೋವಿಯತ್ ಕಾಲದ ಕೊನೆಗೆ ಪ್ರಕೃತಿ ವಿಕೋಪಕ್ಕೆ ಮನೆ ಕಳೆದುಕೊಂಡು ಪಶ್ಚಿಮದ ಹಿಮಪರ್ವತಗಳ ಸ್ವಾನೇತಿಯಿಂದ ಬಂದ ಕುಟುಂಬದವರು. ಅತಿ ಎತ್ತರದ ಊರಿನವರು ಅತಿ ಒಣ ಊರಿಗೆ ಬಂದು ಬದುಕು ಕಟ್ಟಿಕೊಂಡ ಬಗೆಯನ್ನು ಅಲ್ಲಿ ಒಂದು ರಾತ್ರಿ ಉಳಿದರೆ ಕೇಳಬಹುದು.

ಪಶ್ಚಿಮಕ್ಕೆ ಗೋರಿ ಮತ್ತು ಉಪ್ಲಿಸ್‌ತ್ಸಿಖೆ ರೈಲಿನಲ್ಲಿ ಹೋಗಬಹುದಾದ ಒಂದು ದಿನದ ಪ್ರಯಾಣ. ಗೋರಿ ಸ್ತಾಲಿನ್ ಹುಟ್ಟಿದ ಊರು, 1957ರಲ್ಲಿ ತೆರೆದ ಅವನ ವಸ್ತುಸಂಗ್ರಹಾಲಯಕ್ಕೇ ಬಹಳ ಜನ ಬರುತ್ತಾರೆ. ಅವನ ಕಾಲದಲ್ಲಿ ಪ್ರಾಣ ಕಳೆದುಕೊಂಡವರ ಬಗ್ಗೆ ಆ ಕಟ್ಟಡ ಹೇಳುವುದು ಬಹಳ ಕಡಿಮೆ ಎಂಬ ಕಾರಣಕ್ಕೆ ನಾನು ಮತ್ತೆ ಅಲ್ಲಿಗೆ ಹೋಗಿಲ್ಲ. ಹತ್ತಿರದ ಉಪ್ಲಿಸ್‌ತ್ಸಿಖೆ ಮಾತ್ರ ಎರಡು ಸಲ ಕರೆಸಿಕೊಂಡಿತು. ಮ್ತ್‌ಕ್ವಾರಿ ನದಿಯ ದಂಡೆಯ ಬಂಡೆಯಲ್ಲಿ ಕ್ರಿಸ್ತಪೂರ್ವ ಕಾಲದಿಂದ ಕೊರೆಯುತ್ತ ಬಂದ ಊರು ಅದು: ಸಭಾಂಗಣ, ಬೀದಿ, ನೀರಿನ ಕಾಲುವೆ, ನದಿಗೆ ಇಳಿಯುವ ಸುರಂಗ. ನನ್ನ ಕಿಟಕಿಯಿಂದ ಕಾಣುವ ನದಿಯೇ ಅಲ್ಲಿಂದ ಹರಿದು ಬರುತ್ತದೆ.

ವಾರಾಂತ್ಯದಲ್ಲಿ ಆಗದ್ದನ್ನೂ ಹೇಳಬೇಕು. ಸ್ವಾನೇತಿಯ ಮೆಸ್ತಿಯಾ ರಸ್ತೆಯಲ್ಲಿ ಒಂದು ಪೂರ್ತಿ ದಿನದ ದಾರಿ. ನತಾಖ್ತರಿಯಿಂದ ಸಣ್ಣ ವಿಮಾನವಿದೆ, ಆದರೆ ಹವಾಮಾನ ಕೆಟ್ಟರೆ ಅದು ಹಾರುವುದಿಲ್ಲ. ಸೋಮವಾರ ಕೆಲಸವಿರುವವರು ಅದನ್ನು ನಂಬಿ ಹೋಗಬಾರದು. ಈಶಾನ್ಯದ ಪರ್ವತ ಪ್ರದೇಶವಾದ ತುಷೇತಿಗೆ ಹೋಗುವ ಅಬಾನೋ ಕಣಿವೆದಾರಿ 2,800 ಮೀಟರಿಗಿಂತ ಎತ್ತರದಲ್ಲಿದ್ದು ಬೇಸಿಗೆಯ ಕೆಲವು ತಿಂಗಳು ಮಾತ್ರ ತೆರೆದಿರುತ್ತದೆ. ರಾಣಿ ತಾಮಾರಳ ಕಾಲದ ಗುಹಾನಗರ ವಾರ್ದ್‌ಜಿಯಾಕ್ಕೆ ಎರಡು ರಾತ್ರಿ ಬೇಕು. ಕಪ್ಪುಸಮುದ್ರದ ಬತೂಮಿಗೆ ಎರಡಂತಸ್ತಿನ ರೈಲು ಸುಮಾರು 5 ಗಂಟೆ ತೆಗೆದುಕೊಳ್ಳುತ್ತದೆ. ಇವಕ್ಕೆಲ್ಲ ರಜೆ ಸೇರಿಸಿಕೊಳ್ಳಬೇಕು, ಅದರಲ್ಲೂ ಒಂದು ತೊಡಕಿದೆ. ನಮ್ಮ ರಜೆಗಳು ಕಂಪನಿಯ ದೇಶದವು, ಬಾಗಿಲು ಮುಚ್ಚಿ ತೆರೆಯುವುದು ಈ ದೇಶದ ಹಬ್ಬಗಳಿಗೆ ತಕ್ಕಂತೆ. ಇಲ್ಲಿ ಕ್ರಿಸ್‌ಮಸ್ ಜನವರಿ 7ಕ್ಕೆ. ಈಸ್ಟರಿಗೆ ಶುಕ್ರವಾರದಿಂದ ಸೋಮವಾರದವರೆಗೆ ನಾಲ್ಕು ದಿನ ಬಿಡುವು, ಜನರೆಲ್ಲ ತಮ್ಮ ಹಳ್ಳಿಗಳಿಗೆ ಹೋಗಿ ಹಿರಿಯರ ಸಮಾಧಿಗಳ ಬಳಿ ಕೂಡುತ್ತಾರೆ, ವ್ಯಾನುಗಳು ವಿರಳವಾಗುತ್ತವೆ. ನಾನು ಕಂಪನಿಯೊಂದಿಗೆ ಮಾತನಾಡಿ, ಅಲ್ಲಿನ ಎರಡು ರಜೆಗಳಂದು ಕೆಲಸ ಮಾಡಿ ಇಲ್ಲಿನ ಎರಡು ದಿನಗಳನ್ನು ಪಡೆದಿದ್ದೇನೆ. ಅವುಗಳಲ್ಲೊಂದು ಅಕ್ಟೋಬರ್ 14, ಸ್ವೇತಿತ್ಸ್‌ಖೋವೇಲಿಯ ಹಬ್ಬ. ಆ ಬೆಳಿಗ್ಗೆ ಮ್ತ್ಸ್‌ಖೇತಾದಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಸದಾ ಖಾಲಿಯಾಗಿ ಕಂಡ ಆ ಅಂಗಳ ತುಂಬಿರುವುದನ್ನು ನೋಡಿದ್ದು ನನ್ನ ಪ್ರಿಯವಾದ ನೆನಪುಗಳಲ್ಲೊಂದು.

ಮೂರನೆಯ ಸಲ ಸ್ತೆಪಾನ್‌ತ್ಸ್ಮಿಂದಾಕ್ಕೆ ಹೋದದ್ದು ಜೂನಿನಲ್ಲಿ, ಹಿಂದಿನ ಯಜಮಾನಿಯ ಮನೆಗೇ. ಶನಿವಾರ ಪೂರ್ವದ ಜುತಾ ಹಳ್ಳಿಯ ಮೇಲಿನ ಹುಲ್ಲುಗಾವಲಿನಲ್ಲಿ, ಚೌಖಿ ಬಂಡೆಗಳ ಕೆಳಗೆ ನಡೆದೆ. ಭಾನುವಾರ ಮಧ್ಯಾಹ್ನದವರೆಗೂ ಎಲ್ಲಿಗೂ ಹೋಗಲಿಲ್ಲ. ಸಂಜೆ 5ಕ್ಕೆ, ಪ್ರವಾಸಿ ವ್ಯಾನುಗಳು ಇಳಿದು ಹೋದ ಮೇಲೆ, ಡಾಂಬರು ರಸ್ತೆಯನ್ನು ಬಿಟ್ಟು ಹಳೆಯ ಕಾಲುದಾರಿಯಲ್ಲಿ ಚರ್ಚಿನ ಕಡೆಗೆ ಹತ್ತಿದೆ. 1,740 ಮೀಟರಿನ ಊರಿನಿಂದ ಅಲ್ಲಿಗೆ ನನ್ನ ನಡಿಗೆಯಲ್ಲಿ ಒಂದೂವರೆ ಗಂಟೆ. ಮೇಲೆ ಇಬ್ಬರು ಸನ್ಯಾಸಿಗಳು, ಒಂದು ನಾಯಿ, ನಾನು. ಶಿಖರಕ್ಕೆ ಆಗಲೂ ಮೋಡ ಕವಿದಿತ್ತು. ಕತ್ತಲಾಗುವ ಮುನ್ನ ಕೆಳಗಿಳಿದು, ರಾತ್ರಿ ಯಜಮಾನಿಯ ಮಗಳಿಗೆ ಇಂಗ್ಲಿಷ್ ಪಾಠದಲ್ಲಿ ನೆರವಾಗಿ ಮಲಗಿದೆ.

ಸೋಮವಾರ ಮುಂಜಾನೆ ಐದೂವರೆಗೆ ಯಜಮಾನಿ ಬಾಗಿಲು ತಟ್ಟಿ, ಒಂದೇ ಪದ ಹೇಳಿ ಅಂಗಳದತ್ತ ಕೈ ತೋರಿಸಿದರು. ಹೊರಗೆ ಬಂದೆ. ಕಜ್‌ಬೆಕ್ ಪೂರ್ತಿಯಾಗಿ ಕಾಣುತ್ತಿತ್ತು, ತುದಿಯ ಹಿಮಕ್ಕೆ ಬಿಸಿಲು ತಾಗಿ ಅದು ಗುಲಾಬಿ ಬಣ್ಣಕ್ಕೆ ತಿರುಗಿತ್ತು, ಕೆಳಗಿನ ಊರು ಇನ್ನೂ ನೆರಳಿನಲ್ಲಿತ್ತು. ಅವರು ಒಳಗಿನಿಂದ ಎರಡು ಲೋಟ ಚಹಾ ತಂದರು. ಇಬ್ಬರೂ ಮೆಟ್ಟಿಲ ಮೇಲೆ ಕುಳಿತು ಬೆಳಕು ಕೆಳಗಿಳಿದು ಚರ್ಚಿನ ಗೋಪುರವನ್ನು ಮುಟ್ಟುವವರೆಗೂ ನೋಡಿದೆವು. 7ಕ್ಕೆ ಹೊರಟ ಮಾರ್ಷ್ರುತ್ಕಾದಲ್ಲಿ ತ್ಬಿಲಿಸಿಗೆ ಪರೀಕ್ಷೆಗೆ ಹೋಗುವ ವಿದ್ಯಾರ್ಥಿಗಳು, ಗಿಣ್ಣಿನ ಗಂಟನ್ನು ಮಡಿಲಲ್ಲಿಟ್ಟುಕೊಂಡ ಅಜ್ಜಿ, ಒಬ್ಬ ಪೊಲೀಸ್ ಇದ್ದರು. ಹತ್ತಕ್ಕೆ ದೀದುಬೆ, ಹತ್ತೂಮುಕ್ಕಾಲಿಗೆ ಮನೆ. ಬೇಸಿಗೆಯಾದ್ದರಿಂದ ಕೆಲಸ ಹನ್ನೊಂದಕ್ಕೇ ಶುರು. ಮೊದಲ ಮೀಟಿಂಗಿಗೆ ಕ್ಯಾಮೆರಾ ಹಾಕಿದಾಗ ಬಾಗಿಲ ಬಳಿ ಬಿಟ್ಟಿದ್ದ ಬೂಟಿನ ಕೆಸರು ಇನ್ನೂ ಹಸಿಯಾಗಿಯೇ ಇತ್ತು.